ಜಪಾನಿನ ಸಾಂಪ್ರದಾಯಿಕ ಹಬ್ಬಗಳು: ಪ್ರವಾಸಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿಗೆ ಹೊರಡುವ ನಮ್ಮವರಲ್ಲಿ ಹೆಚ್ಚಿನವರು ಚೆರ್ರಿ ಹೂವಿನ ಕಾಲವನ್ನೋ ಶರತ್ಕಾಲದ ಕೆಂಪೆಲೆಗಳನ್ನೋ ನೋಡಿಕೊಂಡು ದಿನ ಗೊತ್ತುಮಾಡುತ್ತಾರೆ. ಹಬ್ಬವನ್ನೇ ಮುಂದಿಟ್ಟುಕೊಂಡು ಪ್ರವಾಸ ಹೆಣೆಯುವವರು ಕಡಿಮೆ. ಹಾಗೆ ಮಾಡಬಯಸುವವರಿಗೆ ಸಾಮಾನ್ಯವಾಗಿ ಎದುರಾಗುವ ಸಂದೇಹಗಳನ್ನು ಇಲ್ಲಿ ಒಂದೆಡೆ ತಂದು ಉತ್ತರಿಸಲಾಗಿದೆ. ಓದುವ ಮೊದಲೇ ಒಂದು ಸಲಹೆ: ಐದು ಊರಿನ ಐದು ಮೆರವಣಿಗೆಗಳ ಹಿಂದೆ ಓಡುವುದಕ್ಕಿಂತ, ಒಂದೇ ಊರಿನಲ್ಲಿ ಮೂರು ನಾಲ್ಕು ದಿನ ನಿಂತು ಹಬ್ಬ ಏಳುವುದನ್ನೂ ಇಳಿಯುವುದನ್ನೂ ನೋಡಿ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಮಾತಿಗೇ ಬಂದು ಸೇರುತ್ತವೆ.

ಮತ್ಸುರಿ, ಅಂದರೆ ಜಪಾನಿ ಹಬ್ಬ, ಬರೀ ಮೆರವಣಿಗೆಯೇ? ಅದರಲ್ಲಿ ದೇವರ ಪಾತ್ರವೇನು?

ಪ್ರವಾಸಿಗರ ಕಣ್ಣಿಗೆ ಬೀಳುವುದು ಮೆರವಣಿಗೆ, ದೀಪ, ನಗಾರಿ; ಆದರೆ ಹೆಚ್ಚಿನ ಮತ್ಸುರಿಗಳ ನಡುವೆ ಇರುವುದು ಜಪಾನಿನ ಮೂಲ ಧರ್ಮವಾದ ಶಿಂತೊಗೆ ಸೇರಿದ ಊರಿನ ದೇಗುಲ ಮತ್ತು ಅಲ್ಲಿ ನೆಲೆಸಿದ ದೈವ. ವರ್ಷಕ್ಕೊಮ್ಮೆ ಅಥವಾ ಗೊತ್ತಾದ ಅವಧಿಗೊಮ್ಮೆ ಆ ದೈವವನ್ನು ಮಿಕೋಶಿ ಎಂಬ ಪಲ್ಲಕ್ಕಿಗೆ ಬರಮಾಡಿಕೊಂಡು ದೇಗುಲಕ್ಕೆ ಸೇರಿದ ಬೀದಿಗಳಲ್ಲಿ ಹೊತ್ತು ತಿರುಗುತ್ತಾರೆ. ಕೆಲವು ಕಡೆ ಊರ ನಡುವಿನ ತಂಗುದಾಣದಲ್ಲಿ ಕೆಲವು ದಿನ ಇರಿಸಿ ಮತ್ತೆ ಗುಡಿಗೆ ಕರೆತರುತ್ತಾರೆ. ನಮ್ಮ ಊರುಗಳ ರಥೋತ್ಸವದಲ್ಲಿ ಉತ್ಸವಮೂರ್ತಿ ಹೊರಬಂದು ಬೀದಿ ಸುತ್ತಿ ಗುಡಿ ಸೇರುವುದನ್ನು ನೋಡಿದವರಿಗೆ ಇದರ ಒಳ ವ್ಯವಸ್ಥೆ ಬೇಗ ತಿಳಿಯುತ್ತದೆ. ವ್ಯತ್ಯಾಸವಿಷ್ಟೇ: ಮಿಕೋಶಿಯೊಳಗೆ ಕಣ್ಣಿಗೆ ಕಾಣುವ ಮೂರ್ತಿ ಸಾಮಾನ್ಯವಾಗಿ ಇರುವುದಿಲ್ಲ, ಮತ್ತು ಪಲ್ಲಕ್ಕಿಯನ್ನು ಮೆಲ್ಲನೆ ನಡೆಸುವ ಬದಲು ಹಲವೆಡೆ ಜೋರಾಗಿ ಕುಲುಕಿಸಿ ಎತ್ತಿ ಹಾರಿಸುತ್ತಾರೆ. ಕುಲುಕಿಸಿದಷ್ಟೂ ದೈವದ ಶಕ್ತಿ ಹುರುಪುಗೊಳ್ಳುತ್ತದೆ ಎಂಬುದು ಅಲ್ಲಿನ ನಂಬಿಕೆ.

ಎಲ್ಲ ಹಬ್ಬಗಳೂ ಶಿಂತೊ ದೇಗುಲದವಲ್ಲ. ಪಿತೃಗಳನ್ನು ಮನೆಗೆ ಕರೆದು ಉಪಚರಿಸಿ ಬೀಳ್ಕೊಡುವ ಓಬೋನ್ ಬೌದ್ಧ ಆಚರಣೆ. ಸಪ್ಪೊರೊ ಹಿಮೋತ್ಸವದಂಥವು ತೀರ ಈಚಿನವು. ಅದು 1950ರಲ್ಲಿ ಶಾಲಾ ವಿದ್ಯಾರ್ಥಿಗಳು ಉದ್ಯಾನದಲ್ಲಿ ಆರು ಹಿಮಶಿಲ್ಪಗಳನ್ನು ಕಡೆದು ನಿಲ್ಲಿಸಿದಾಗ ಆರಂಭವಾಯಿತು. ಅದು ನೋಡಲು ಸೊಗಸಾದದ್ದೇ, ಆದರೆ ಈ ಪುಟದ ವಿಷಯವಲ್ಲ.

ಒಂದೇ ಒಂದು ಹಬ್ಬ ನೋಡಲು ಸಾಧ್ಯವಿದ್ದರೆ ಯಾವುದನ್ನು ಆರಿಸಿಕೊಳ್ಳಬೇಕು?

ಕ್ಯೋಟೊದ ಗಿಯೋನ್ ಮತ್ಸುರಿ. ಜುಲೈ ತಿಂಗಳು ಪೂರ್ತಿ ನಡೆಯುವ ಈ ಹಬ್ಬ ಯಾಸಕ ದೇಗುಲದ್ದು. 869ರಲ್ಲಿ ದೇಶದಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ, ಆಗಿನ 66 ಪ್ರಾಂತ್ಯಗಳಿಗೆ ಒಂದೊಂದರಂತೆ 66 ಈಟಿಗಳನ್ನು ನೆಟ್ಟು ಪ್ರಾರ್ಥಿಸಿದ ವಿಧಿಯಿಂದ ಇದು ಬೆಳೆದು ಬಂದಿತೆಂದು ಪರಂಪರೆ ಹೇಳುತ್ತದೆ. ಇಂದು 34 ರಥಗಳಿವೆ. ಜುಲೈ 17ರ ಮೊದಲ ಮೆರವಣಿಗೆಯಲ್ಲಿ 23, ಜುಲೈ 24ರ ಎರಡನೆಯದರಲ್ಲಿ 11 ರಥಗಳು ಹೊರಡುತ್ತವೆ. ದೊಡ್ಡ ರಥಗಳು ಸುಮಾರು 25 ಮೀಟರ್ ಎತ್ತರ, 12 ಟನ್ ತೂಕ. ಮೊಳೆ ಹೊಡೆಯದೆ, ಮರದ ತೊಲೆಗಳನ್ನು ಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟುವುದರಿಂದ ರಥ ಚಲಿಸುವಾಗ ಚೌಕಟ್ಟು ಸ್ವಲ್ಪ ಬಾಗಿ ಅಲುಗಾಡುತ್ತದೆಯೇ ಹೊರತು ಮುರಿಯುವುದಿಲ್ಲ.

ಮೆರವಣಿಗೆಯಲ್ಲಿ ಹತ್ತಿರದಿಂದ ನೋಡಲೇಬೇಕಾದದ್ದು ರಥವನ್ನು ಮೂಲೆಯಲ್ಲಿ ತಿರುಗಿಸುವ ಕ್ರಮ. ಮರದ ಚಕ್ರಗಳಿಗೆ ದಿಕ್ಕು ಬದಲಿಸುವ ಅಚ್ಚಿಲ್ಲ. ಆದ್ದರಿಂದ ಶಿಜೊ ಮತ್ತು ಕವರಮಾಚಿ ಬೀದಿಗಳು ಕೂಡುವಲ್ಲಿ ರಥವನ್ನು ನಿಲ್ಲಿಸಿ, ಸೀಳಿದ ಹಸಿ ಬಿದಿರಿನ ದಬ್ಬೆಗಳನ್ನು ಮುಂದಿನ ಚಕ್ರಗಳ ಕೆಳಗೆ ಹಾಸಿ, ಅವುಗಳ ಮೇಲೆ ಬಕೆಟ್ಟಿನಿಂದ ನೀರು ಸುರಿಯುತ್ತಾರೆ. ಎಳೆಯುವವರು ಹಗ್ಗ ಹಿಡಿದು ಪಕ್ಕಕ್ಕೆ ಸಾಲುಗಟ್ಟುತ್ತಾರೆ. ರಥದ ಮುಂಭಾಗದಲ್ಲಿ ನಿಂತವರು ಬೀಸಣಿಗೆ ಚಾಚಿ ಕೂಗು ಹಾಕಿದ ಕ್ಷಣವೇ ಎಲ್ಲರೂ ಒಟ್ಟಿಗೆ ಜಗ್ಗುತ್ತಾರೆ. ಚಕ್ರಗಳು ಒದ್ದೆ ಬಿದಿರಿನ ಮೇಲೆ ಕಿರುಗುಟ್ಟುತ್ತ ಅಡ್ಡಕ್ಕೆ ಜಾರುತ್ತವೆ, ಮೇಲಿನ ಉದ್ದನೆಯ ಕಂಬ ಒಮ್ಮೆ ತೂಗಾಡಿ ನಿಲ್ಲುತ್ತದೆ. ಮತ್ತೆ ದಬ್ಬೆ, ಮತ್ತೆ ನೀರು, ಮತ್ತೆ ಕೂಗು. ಸಾಮಾನ್ಯವಾಗಿ ಮೂರು ನಾಲ್ಕು ಎಳೆತಕ್ಕೆ ರಥ ಪೂರ್ಣ ತಿರುಗುತ್ತದೆ.

ಇಷ್ಟಾದರೂ ಮೆರವಣಿಗೆ ಈ ಹಬ್ಬದ ಕೇಂದ್ರವಲ್ಲ. ರಥಗಳು ಬೆಳಗ್ಗೆ ಬೀದಿಯನ್ನು ಶುದ್ಧಗೊಳಿಸುವುದೇ ಸಂಜೆ ದೈವಗಳು ಬರಲೆಂದು. ಜುಲೈ 17ರ ಸಂಜೆ ಯಾಸಕ ದೇಗುಲದಿಂದ ಮೂರು ಮಿಕೋಶಿಗಳು ಹೊರಟು ಶಿಜೊ ಬೀದಿಯ ತಂಗುದಾಣ ಸೇರುತ್ತವೆ. 24ರ ರಾತ್ರಿ ಹಿಂದಿರುಗುತ್ತವೆ. ಬೆಳಗಿನ ರಥಗಳನ್ನು ನೋಡಿ ಮಧ್ಯಾಹ್ನದ ರೈಲು ಹಿಡಿದು ಒಸಾಕಾಕ್ಕೆ ಹೋಗಿಬಿಡುವವರು ಹಬ್ಬದ ಅರ್ಧವನ್ನೇ ಬಿಟ್ಟು ಹೋಗುತ್ತಾರೆ. ದಯವಿಟ್ಟು ಸಂಜೆಯವರೆಗೆ ಇರಿ.

ಗಿಯೋನ್ ಹಬ್ಬದ ಜನಜಂಗುಳಿಗೆ ಹೆದರಿಕೆಯಾಗುತ್ತದೆ. ಬೇರೆ ದಾರಿ ಇದೆಯೇ?

ಇದೆ, ಒಂದಲ್ಲ ಎರಡು. ಮೊದಲನೆಯದು, ಹಬ್ಬದ ಹಿಂದಿನ ದಿನಗಳು. ಜುಲೈ 10ರ ಸುಮಾರಿಗೆ ರಥಗಳನ್ನು ಬೀದಿಯಲ್ಲೇ ಕಟ್ಟಲು ತೊಡಗುತ್ತಾರೆ. ಹಗ್ಗ ಬಿಗಿಯುವ ಬಡಗಿಗಳ ಕೈಚಳಕವನ್ನು ಎರಡು ಮಾರು ದೂರದಲ್ಲಿ ನಿಂತು ನೋಡಬಹುದು. 12 ಮತ್ತು 13ರಂದು ಕಟ್ಟಿ ಮುಗಿದ ರಥಗಳನ್ನು ಪರೀಕ್ಷೆಗಾಗಿ ಸ್ವಲ್ಪ ದೂರ ಎಳೆಯುತ್ತಾರೆ. ಆಗ ಹಗ್ಗಕ್ಕೆ ಕೈ ಹಾಕಲು ದಾರಿಹೋಕರಿಗೂ ಅವಕಾಶವಿದೆ. ಪರದೇಶದಿಂದ ಬಂದವರು ಗಿಯೋನ್ ರಥವನ್ನು ತಾವೇ ಎಳೆಯಬಹುದಾದ ದಿನ ಇದು ಎಂಬ ಸಂಗತಿ ಬಹಳ ಮಂದಿಗೆ ತಿಳಿದಿಲ್ಲ.

ಎರಡನೆಯದು, ಜುಲೈ 21ರಿಂದ 24ರವರೆಗಿನ, ಹಬ್ಬದ ಎರಡನೇ ಪಾದ. 1966ರಲ್ಲಿ ಎರಡು ಮೆರವಣಿಗೆಗಳನ್ನು ಒಂದುಗೂಡಿಸಲಾಗಿತ್ತು. 2014ರಲ್ಲಿ ಮತ್ತೆ ಬೇರೆ ಮಾಡಲಾಯಿತು. ಈ ದಿನಗಳಲ್ಲಿ ಮುಖ್ಯ ರಸ್ತೆಯ ತಿಂಡಿ ಅಂಗಡಿಗಳ ಗದ್ದಲವಿಲ್ಲ, ದೀಪ ಹೊತ್ತಿಸಿದ ರಥಗಳ ಕೆಳಗೆ ನಿಂತು ಕೊಳಲು, ನಗಾರಿ, ಜಾಗಟೆಗಳ ವಾದನವನ್ನು ನೆಮ್ಮದಿಯಿಂದ ಕೇಳಬಹುದು. ಹಳೆಯ ವರ್ತಕರ ಕೆಲವು ಮನೆಗಳು ಬೀದಿ ಬದಿಯ ಜಾಲರಿ ತೆಗೆದು ತಮ್ಮ ವಂಶದ ಚಿತ್ರಪರದೆಗಳನ್ನು ಪ್ರದರ್ಶಿಸುವುದು ಎರಡೂ ಪಾದಗಳ ಮುನ್ನಾದಿನಗಳಲ್ಲಿ. 1826ರ ಬಿರುಗಾಳಿ ಮಳೆಗೆ ಹಾಳಾಗಿ ಮೆರವಣಿಗೆಯಿಂದ ಮರೆಯಾಗಿದ್ದ ತಾಕಯಾಮ ಎಂಬ ರಥವು 196 ವರ್ಷಗಳ ಬಳಿಕ, 2022ರಲ್ಲಿ, ಈ ಎರಡನೇ ಪಾದದ ಮೆರವಣಿಗೆಗೇ ಮರಳಿತು. ಎಷ್ಟೋ ತಲೆಮಾರು ರಥವಿಲ್ಲದೆಯೂ ಆ ಬೀದಿಯವರು ತಮ್ಮ ಪೂಜಾವಸ್ತುಗಳನ್ನು ಕಾಪಾಡಿಕೊಂಡು ಬಂದದ್ದರಿಂದ ಅದು ಸಾಧ್ಯವಾಯಿತು.

ಆ ರಥಗಳ ಮೇಲೆ ಭಾರತದ ರತ್ನಗಂಬಳಿಗಳಿವೆ ಎಂದು ಕೇಳಿದ್ದೇವೆ. ನಿಜವೇ?

ನಿಜ. ರಥಗಳ ಮೈಯನ್ನು ಸುತ್ತಲೂ ನೇಯ್ಗೆಗಳಿಂದ ಅಲಂಕರಿಸುವುದು ವಾಡಿಕೆ. ಕ್ಯೋಟೊದ ಸಿರಿವಂತ ವರ್ತಕರು ಪರದೇಶಗಳಿಂದ ಬಂದ ಬೆಲೆಬಾಳುವ ನೇಯ್ಗೆಗಳನ್ನು ಕೊಂಡು ತಮ್ಮ ಬೀದಿಯ ರಥಕ್ಕೆ ಅರ್ಪಿಸುತ್ತಿದ್ದರು. ಹೀಗಾಗಿ 16ನೇ ಶತಮಾನದ ಬೆಲ್ಜಿಯಂನ ಚಿತ್ರವಸ್ತ್ರಗಳು, ಚೀನಾ ಮತ್ತು ಪರ್ಷಿಯಾದ ನೇಯ್ಗೆಗಳು, ಭಾರತದ ಗಂಬಳಿಗಳು ಒಂದೇ ಮೆರವಣಿಗೆಯಲ್ಲಿ ಸಾಗುತ್ತವೆ. ಭಾರತದ್ದೆನ್ನಲಾದ ಹಲವು ಗಂಬಳಿಗಳನ್ನು ಜವಳಿ ಇತಿಹಾಸದ ವಿದ್ವಾಂಸರು ದಖ್ಖನ್ ಪ್ರದೇಶದ 17 ಮತ್ತು 18ನೇ ಶತಮಾನದ ನೇಯ್ಗೆಗಳೆಂದು ಗುರುತಿಸಿದ್ದಾರೆ. ಆ ಕಾಲದಲ್ಲಿ ನಾಗಸಾಕಿಯಲ್ಲಿ ವ್ಯಾಪಾರಕ್ಕೆ ಅನುಮತಿ ಪಡೆದಿದ್ದ ಡಚ್ಚರ ಹಡಗುಗಳು ಇಂಥ ಸರಕನ್ನು ಜಪಾನಿಗೆ ಒಯ್ಯುತ್ತಿದ್ದವು. ದಖ್ಖನ್ನಿನ ನೇಕಾರರ ಕೈಕೆಲಸವನ್ನು ಕ್ಯೋಟೊದ ಒಂದು ಬೀದಿಯ ಜನ ಇಷ್ಟು ಕಾಲ ಜೋಪಾನ ಮಾಡಿಟ್ಟಿದ್ದಾರೆಂಬುದನ್ನು ತಿಳಿದುಕೊಂಡೇ ಆ ರಥಗಳ ಮುಂದೆ ನಿಲ್ಲಬೇಕು. ಮುನ್ನಾದಿನಗಳಲ್ಲಿ ಹಲವು ಬೀದಿಗಳ ಸಭಾಗೃಹಗಳು ತಮ್ಮ ಭಂಡಾರವನ್ನು ಪ್ರದರ್ಶನಕ್ಕೆ ಇಡುತ್ತವೆ. ಬಹಳ ಹಳೆಯ ನೇಯ್ಗೆಗಳನ್ನು ಈಗ ಬಿಸಿಲಿಗೆ ಒಡ್ಡದೆ, ಅವುಗಳ ಪ್ರತಿಕೃತಿಗಳನ್ನೇ ರಥಕ್ಕೆ ತೊಡಿಸುವ ಕ್ರಮವೂ ಬಂದಿದೆ.

ಹಬ್ಬದ ದಿನಾಂಕಗಳು ನಮ್ಮ ಪಂಚಾಂಗದಂತೆ ವರ್ಷ ವರ್ಷ ಬದಲಾಗುತ್ತವೆಯೇ?

ಹೆಚ್ಚಿನವು ಬದಲಾಗುವುದಿಲ್ಲ. ಜಪಾನ್ 1873ರಲ್ಲಿ ಚಾಂದ್ರಮಾನ ಆಧಾರಿತ ಪಂಚಾಂಗವನ್ನು ಬಿಟ್ಟು ಗ್ರೆಗೋರಿಯನ್ ಕ್ಯಾಲೆಂಡರನ್ನು ಒಪ್ಪಿಕೊಂಡಿತು. ಹಳೆಯ ತಿಥಿಗಳನ್ನು ಹೊಸ ಲೆಕ್ಕಕ್ಕೆ ಹೊಂದಿಸುವಾಗ ಒಂದೊಂದು ಊರು ಒಂದೊಂದು ದಾರಿ ಹಿಡಿದದ್ದರಿಂದ, ತಾನಾಬಾತ ಎಂಬ ನಕ್ಷತ್ರಗಳ ಹಬ್ಬ ಹಲವೆಡೆ ಜುಲೈ 7ಕ್ಕೆ ಬಂದರೆ ಸೆಂಡೈಯಲ್ಲಿ ಆಗಸ್ಟ್ 6ರಿಂದ 8ರವರೆಗೆ ನಡೆಯುತ್ತದೆ. ಓಬೋನ್ ಟೋಕಿಯೊದಲ್ಲಿ ಜುಲೈ ಮಧ್ಯಕ್ಕೆ, ದೇಶದ ಬಹುಭಾಗದಲ್ಲಿ ಆಗಸ್ಟ್ ಮಧ್ಯಕ್ಕೆ.

ಕೆಲವು ಹಬ್ಬಗಳು ವಾರಾಂತ್ಯವನ್ನು ಅನುಸರಿಸುತ್ತವೆ. ಟೋಕಿಯೊದ ಅಸಾಕುಸದ ಸಾಂಜ ಮತ್ಸುರಿ ಮೇ ತಿಂಗಳ ಮೂರನೇ ವಾರಾಂತ್ಯಕ್ಕೆ. ಅದೇ ನಗರದ ಕಾಂದ ಮತ್ಸುರಿಯ ಪೂರ್ಣ ಸ್ವರೂಪ ಬೆಸ ವರ್ಷಗಳಲ್ಲಿ ಮಾತ್ರ, ಸಾನ್ನೊ ಮತ್ಸುರಿಯ ದೊಡ್ಡ ಮೆರವಣಿಗೆ ಸಮ ವರ್ಷಗಳಲ್ಲಿ. ಫುಕುಶಿಮಾದ ಸೋಮ ನೋಮಾಓಇ ಎಂಬ ಕುದುರೆ ಸವಾರರ ಹಬ್ಬವನ್ನು ಬೇಸಿಗೆಯ ಧಗೆ ಕುದುರೆಗಳಿಗೂ ಸವಾರರಿಗೂ ಅಪಾಯಕಾರಿಯಾಗುತ್ತಿದೆಯೆಂದು 2024ರಿಂದ ಜುಲೈ ಬದಲು ಮೇ ಕೊನೆಗೆ ತರಲಾಗಿದೆ. ಆದ್ದರಿಂದ ಹಳೆಯ ಪ್ರವಾಸ ಕೈಪಿಡಿಯ ದಿನಾಂಕವನ್ನು ನಂಬಿ ಟಿಕೆಟ್ ಕೊಳ್ಳಬೇಡಿ. ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನು ನೋಡಿಕೊಳ್ಳಿ.

ಆಗಸ್ಟ್ ಮೊದಲ ವಾರದಲ್ಲಿ ಉತ್ತರ ಭಾಗದ ಹಬ್ಬಗಳನ್ನೆಲ್ಲ ಒಟ್ಟಿಗೆ ನೋಡಬಹುದೇ?

ತೊಹೊಕು ಪ್ರದೇಶದ ದೊಡ್ಡ ಹಬ್ಬಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಮೊರಿಯೊಕದ ಸಾನ್ಸ ಒದೊರಿ ಆಗಸ್ಟ್ 1ರಿಂದ 4, ಅವೊಮೊರಿಯ ನೆಬುತ 2ರಿಂದ 7, ಅಕಿತದ ಕಾಂತೊ 3ರಿಂದ 6, ಯಮಾಗತದ ಹನಗಾಸ 5ರಿಂದ 7, ಸೆಂಡೈಯ ತಾನಾಬಾತ 6ರಿಂದ 8. ಶಿಂಕಾನ್ಸೆನ್ ಎಂಬ ಅತಿವೇಗದ ರೈಲು ಇರುವುದರಿಂದ ಇವುಗಳಲ್ಲಿ ನಾಲ್ಕನ್ನು ಒಂದು ವಾರದಲ್ಲಿ ಮುಗಿಸಲು ಖಂಡಿತ ಸಾಧ್ಯ. ಆದರೆ ನಾಲ್ಕೂ ರಾತ್ರಿಯ ಹಬ್ಬಗಳಾದರೆ ಪ್ರತಿದಿನ ಹೊಸ ಹೋಟೆಲು, ಹೊಸ ಸೂಟ್‌ಕೇಸ್ ಎಳೆದಾಟ. ನೆಬುತ ಮತ್ತು ಕಾಂತೊ ಇವೆರಡನ್ನು ಆರಿಸಿಕೊಂಡು, ಉಳಿದವನ್ನು ಇನ್ನೊಂದು ವರ್ಷಕ್ಕೆ ಬಿಡುವುದು ಒಳ್ಳೆಯದು.

ನೆಬುತ ಎಂದರೆ ಯೋಧರು, ದೇವತೆಗಳು, ಪುರಾಣದ ಪಾತ್ರಗಳ ಬೃಹತ್ ಕಾಗದದ ದೀಪಶಿಲ್ಪಗಳು. ತಂತಿಯ ಹಂದರಕ್ಕೆ ವಾಶಿ ಕಾಗದ ಅಂಟಿಸಿ, ಮಸಿಯಲ್ಲಿ ಗೆರೆ ಎಳೆದು, ಮೇಣ ಸವರಿ ಬಣ್ಣ ತುಂಬುತ್ತಾರೆ. ಸುಮಾರು 9 ಮೀಟರ್ ಅಗಲ, 5 ಮೀಟರ್ ಎತ್ತರದ ಇವನ್ನು ರೂಪಿಸುವ ಕಲಾವಿದರಿಗೆ ಆ ಊರಿನಲ್ಲಿ ದೊಡ್ಡ ಗೌರವ. ಹಬ್ಬಕ್ಕೆ ಹೋಗಲಾಗದವರು ಅವೊಮೊರಿ ರೈಲು ನಿಲ್ದಾಣದ ಪಕ್ಕದಲ್ಲಿರುವ ವಾ ರಾಸ್ಸೆ ಸಂಗ್ರಹಾಲಯದಲ್ಲಿ ವರ್ಷವಿಡೀ ಕೆಲವು ನೆಬುತಗಳನ್ನು ನೋಡಬಹುದು.

ಅಕಿತದ ಕಾಂತೊ ಇದಕ್ಕೆ ತೀರ ಬೇರೆ ಬಗೆಯದು. 12 ಮೀಟರ್ ಉದ್ದ, 50 ಕಿಲೊ ತೂಕದ ಬಿದಿರಿನ ಕಂಬಕ್ಕೆ ಅಡ್ಡಗಳುಗಳನ್ನು ಕಟ್ಟಿ 46 ಕಾಗದದ ದೀಪಗಳನ್ನು ತೂಗುಬಿಟ್ಟು, ಒಬ್ಬನೇ ಅದನ್ನು ಅಂಗೈ, ಹಣೆ, ಹೆಗಲು, ಸೊಂಟದ ಮೇಲೆ ನಿಲ್ಲಿಸುತ್ತಾನೆ. ದೀಪದೊಳಗೆ ಉರಿಯುವುದು ನಿಜವಾದ ಮೇಣದಬತ್ತಿ. ಸೊಂಟದ ಮೇಲೆ ಕಂಬ ನಿಂತಾಗ ಅವನ ಎರಡೂ ಕೈಗಳು ಖಾಲಿ. ಕೆಳಗೆ ಬಿದಿರಿನ ತುಂಡುಗಳನ್ನು ಜೋಡಿಸಿ ಕಂಬವನ್ನು ಇನ್ನಷ್ಟು ಎತ್ತರಿಸಿದಂತೆ ಅದು ಬಿಲ್ಲಿನಂತೆ ಬಾಗುತ್ತದೆ. ಪ್ರದರ್ಶನ ಮುಗಿದ ಮೇಲೆ ಪ್ರೇಕ್ಷಕರು ಬೀದಿಗಿಳಿದು ಕಲಾವಿದರೊಡನೆ ಮಾತನಾಡಲು ಸ್ವಲ್ಪ ಹೊತ್ತು ಕೊಡುತ್ತಾರೆ. ಆ ಹೊತ್ತನ್ನು ತಪ್ಪಿಸಿಕೊಳ್ಳಬೇಡಿ.

ನೋಡುವುದಷ್ಟೇ ಅಲ್ಲದೆ ನಾವೂ ಕುಣಿಯಬಹುದೇ?

ಕೆಲವು ಹಬ್ಬಗಳಲ್ಲಿ ಧಾರಾಳವಾಗಿ ಕುಣಿಯಬಹುದು. ನೆಬುತದಲ್ಲಿ ಹನೆತೊ ಎಂಬ ಕುಣಿತಗಾರರ ನಿಗದಿತ ಉಡುಪು ತೊಟ್ಟವರು ಯಾರೇ ಆಗಲಿ ಸೇರಿಕೊಳ್ಳಬಹುದು. ಉಡುಪನ್ನು ಊರಿನ ಅಂಗಡಿಗಳು ಬಾಡಿಗೆಗೆ ಕೊಟ್ಟು ತೊಡಿಸಿಯೂ ಕಳುಹಿಸುತ್ತವೆ. ಮೆರವಣಿಗೆ ಹೊರಡುವ ಮೊದಲು ಗುಂಪಿನೊಳಗೆ ಹೋಗಿ ನಿಂತು, ಒಂದೊಂದು ಕಾಲಿನ ಮೇಲೆ ಎರಡೆರಡು ಸಲ ಕುಪ್ಪಳಿಸುತ್ತ ‘ರಾಸ್ಸೆರಾ ರಾಸ್ಸೆರಾ’ ಎಂದು ಕೂಗಿದರೆ ಸಾಕು. ಉಡುಪಿಗೆ ಪೋಣಿಸಿದ ಗೆಜ್ಜೆಗಳು ಕುಣಿತದಲ್ಲಿ ಉದುರುತ್ತವೆ. ಬಿದ್ದ ಗೆಜ್ಜೆ ಸಿಕ್ಕವರಿಗೆ ಶುಭವೆಂದು ಊರವರು ಹೇಳುತ್ತಾರೆ.

ಶಿಕೊಕು ದ್ವೀಪದ ತೊಕುಶಿಮದಲ್ಲಿ ಆಗಸ್ಟ್ 12ರಿಂದ 15ರವರೆಗೆ ನಡೆಯುವ ಅವಾ ಒದೊರಿಯಲ್ಲಿ, ವರ್ಷವಿಡೀ ಅಭ್ಯಾಸ ಮಾಡಿದ ತಂಡಗಳ ಜೊತೆಗೆ, ಆ ದಿನವಷ್ಟೇ ಬಂದವರಿಗಾಗಿ ‘ನಿವಾಕ ರೆನ್’ ಎಂಬ ತಂಡವಿರುತ್ತದೆ. ಉಡುಪಿನ ಕಟ್ಟುಪಾಡಿಲ್ಲ. ಅಲ್ಲೇ ಹೆಜ್ಜೆ ಕಲಿಸಿ ಅಂಗಳಕ್ಕೆ ಕರೆದೊಯ್ಯುತ್ತಾರೆ.

ಇವೆಲ್ಲಕ್ಕಿಂತ ಮಿಗಿಲಾಗಿ ಶಿಫಾರಸು ಮಾಡಬೇಕಾದದ್ದು ಗಿಫು ಪ್ರಾಂತ್ಯದ ಗುಜೊ ಹಾಚಿಮಾನ್ ಎಂಬ ಪುಟ್ಟ ಊರಿನ ಗುಜೊ ಒದೊರಿ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಆರಂಭದವರೆಗೆ 30ಕ್ಕೂ ಹೆಚ್ಚು ರಾತ್ರಿ ಊರು ಕುಣಿಯುತ್ತದೆ. ಆಗಸ್ಟ್ 13ರಿಂದ 16ರವರೆಗೆ ಬೆಳಗಿನ ಜಾವದವರೆಗೂ ಕುಣಿತ ನಿಲ್ಲುವುದಿಲ್ಲ. ಬೀದಿಯ ನಡುವೆ ಹಾಡುಗಾರರು ಕೂರುವ ಮರದ ಚಪ್ಪರ, ಅದರ ಸುತ್ತ ಜನರ ವರ್ತುಲ. ಇಲ್ಲಿ ಪ್ರೇಕ್ಷಕರ ಗ್ಯಾಲರಿ ಇಲ್ಲ, ಟಿಕೆಟ್ ಇಲ್ಲ, ಮೆರವಣಿಗೆಯೂ ಇಲ್ಲ, ಬಂದವರೆಲ್ಲ ಕುಣಿಯುವವರೇ. ಹತ್ತು ಬಗೆಯ ಕುಣಿತಗಳಿದ್ದು, ಪಕ್ಕದ ಅಜ್ಜಿಯ ಕೈಕಾಲು ನೋಡಿಕೊಂಡು ಒಂದೆರಡು ಸುತ್ತಿನಲ್ಲಿ ಸುಲಭದವನ್ನು ಕಲಿಯಬಹುದು. ನೂರಾರು ಜೋಡಿ ಮರದ ಪಾದುಕೆಗಳು ಒಮ್ಮೆಗೇ ನೆಲಕ್ಕೆ ಬೀಳುವ ಸದ್ದೇ ತಾಳ. 2022ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಪಾನಿನ 41 ಜನಪದ ನೃತ್ಯಗಳಲ್ಲಿ ಇದೂ ಒಂದು.

ಯುಕತಾ ಎಂಬ ಹಗುರ ಹತ್ತಿಯ ನಿಲುವಂಗಿ ಉಡಬಹುದೇ? ಪರದೇಶದವರು ಉಟ್ಟರೆ ಯಾರಾದರೂ ಬೇಸರಪಡುತ್ತಾರೆಯೇ?

ಬೇಸರವಿಲ್ಲ, ಸಂತೋಷಪಡುವವರೇ ಹೆಚ್ಚು. ಒಂದು ಎಚ್ಚರ ಮಾತ್ರ ಅಗತ್ಯ: ಗಂಡಾಗಲಿ ಹೆಣ್ಣಾಗಲಿ ಬಲಗಡೆಯ ಸೆರಗು ಒಳಗೆ, ಎಡಗಡೆಯದು ಅದರ ಮೇಲೆ ಬರಬೇಕು. ಇದಕ್ಕೆ ತಿರುಗುಮುರುಗಾಗಿ ಉಡಿಸುವುದು ಮೃತದೇಹಕ್ಕೆ. ಬಾಡಿಗೆ ಅಂಗಡಿಯವರು ಸರಿಯಾಗಿಯೇ ಉಡಿಸುತ್ತಾರೆ, ಶೌಚಾಲಯಕ್ಕೆ ಹೋಗಿ ಬಂದು ಮತ್ತೆ ಕಟ್ಟಿಕೊಳ್ಳುವಾಗ ಹೆಚ್ಚು ಜನ ಎಡವುತ್ತಾರೆ. ಮರದ ಪಾದುಕೆಯಲ್ಲಿ ಇಡೀ ಸಂಜೆ ನಡೆಯುವ ರೂಢಿ ಇಲ್ಲದವರು ಬೆರಳ ಸಂದಿಗೆ ಅಂಟುಪಟ್ಟಿ ಇಟ್ಟುಕೊಂಡು ಹೋಗುವುದು ಒಳಿತು.

ಶುದ್ಧ ಸಸ್ಯಾಹಾರಿಗಳು ಹಬ್ಬದ ಬೀದಿಯಲ್ಲಿ ಏನು ತಿನ್ನಬಹುದು?

ಇದು ನಮ್ಮವರ ಮುಖ್ಯ ಚಿಂತೆ, ಮತ್ತು ಚಿಂತೆಗೆ ಕಾರಣವೂ ಇದೆ. ಹಬ್ಬದ ಅಂಗಡಿಗಳ ಮುಖ್ಯ ತಿನಿಸುಗಳಾದ ತಕೊಯಾಕಿಯಲ್ಲಿ ಆಕ್ಟೋಪಸ್, ಯಾಕಿಸೋಬದಲ್ಲಿ ಹಂದಿ ಮಾಂಸ ಇರುವುದು ಸಾಮಾನ್ಯ. ತರಕಾರಿಯದ್ದೆಂದು ಕಾಣುವ ಸಾರು, ಸಾಸ್‌ಗಳಲ್ಲೂ ಒಣ ಬೊನಿಟೊ ಮೀನನ್ನು ಕುದಿಸಿ ತೆಗೆದ ದಾಶಿ ಎಂಬ ಕಟ್ಟು ಸೇರಿರುತ್ತದೆ. ಮಾಂಸ ಬೇಡವೆಂದರೆ ಸಾಲದು. ಮೀನಿನ ದಾಶಿಯೂ ಬೇಡವೆಂದು ಜಪಾನಿಯಲ್ಲಿ ಬರೆದ ಚೀಟಿಯನ್ನು ಇಟ್ಟುಕೊಳ್ಳಬೇಕು. ಸಕ್ಕರೆ ಪಾಕದ ಸೇಬು, ಬೊಂಬಾಯಿ ಮಿಠಾಯಿ, ಹೆರೆದ ಮಂಜುಗಡ್ಡೆಯ ಕಾಕಿಗೊರಿ, ಬೆಣ್ಣೆ ಹಾಕಿದ ಬೇಯಿಸಿದ ಆಲೂಗಡ್ಡೆ, ಸೋಯಾ ಸಾಸ್ ಸವರಿ ಸುಟ್ಟ ಜೋಳ ಇವು ಸಾಮಾನ್ಯವಾಗಿ ತೊಂದರೆಯಿಲ್ಲದವು. ಮೀನಿನಾಕಾರದ ತಾಯಿಯಾಕಿಯಲ್ಲಿ ಮೀನಿಲ್ಲ, ಅಜುಕಿ ಎಂಬ ಕೆಂಪು ಕಾಳಿನ ಸಿಹಿ ಹೂರಣವಿದೆ. ಹಿಟ್ಟಿಗೆ ಮೊಟ್ಟೆ ಹಾಕುವುದುಂಟು.

ಸಸ್ಯಾಹಾರವೂ ಹಬ್ಬವೂ ಒಟ್ಟಿಗೆ ಬೇಕೆನ್ನುವವರಿಗೆ, ಅದರಲ್ಲೂ ವಯಸ್ಸಾದ ತಂದೆತಾಯಿಯರೊಡನೆ ಹೋಗುವವರಿಗೆ, ಕೊಯಾಸಾನ್ ಬೆಟ್ಟ ಅತ್ಯುತ್ತಮ. ಕೂಕಾಯಿ ಎಂಬ ಯತಿಗೆ 816ರಲ್ಲಿ ದೊರೆತ ಈ ಶಿಂಗೊನ್ ಬೌದ್ಧ ಕ್ಷೇತ್ರದ ಮಠಗಳಲ್ಲೇ ತಂಗಬಹುದು. ಅಲ್ಲಿ ಬಡಿಸುವ ಶೋಜಿನ್ ರ್ಯೋರಿ ಅಡುಗೆಯಲ್ಲಿ ಮಾಂಸ, ಮೀನುಗಳಿಲ್ಲ. ಈರುಳ್ಳಿ, ಬೆಳ್ಳುಳ್ಳಿಯನ್ನೂ ಸಂಪ್ರದಾಯ ದೂರವಿಟ್ಟಿದೆ. ಕೆಲವು ಮಠಗಳಲ್ಲಿ ಬೆಳಗ್ಗೆ ಅಗ್ನಿಗೆ ಆಹುತಿ ಕೊಡುವ ವಿಧಿ ನಡೆಯುತ್ತದೆ. ಅದು ಭಾರತದ ಹೋಮವೇ ಬೌದ್ಧ ತಂತ್ರದ ಮೂಲಕ ಚೀನಾ ದಾಟಿ ಅಲ್ಲಿಗೆ ಹೋಗಿ ನೆಲೆಗೊಂಡದ್ದು. ಆಗಸ್ಟ್ 13ರ ಸಂಜೆ, ಓಬೋನ್ ಕಾಲದಲ್ಲಿ, ಓಕುನೊಇನ್ ಸ್ಮಶಾನದ ದೇವದಾರು ಮರಗಳ ನಡುವಿನ ಸುಮಾರು 2 ಕಿಲೋಮೀಟರ್ ದಾರಿಯ ಎರಡೂ ಬದಿಗೆ ಮೃತರ ನೆನಪಿನಲ್ಲಿ ಸಾವಿರಾರು ಮೇಣದಬತ್ತಿಗಳನ್ನು ಹಚ್ಚುತ್ತಾರೆ. ಬಂದವರೆಲ್ಲರೂ ಹಚ್ಚಬಹುದು. ಬೆಟ್ಟ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಕೆಳಗಿನ ಧಗೆಯೂ ಇರುವುದಿಲ್ಲ. ಆ ರಾತ್ರಿಯ ಕೋಣೆಗಳು ತಿಂಗಳುಗಳ ಮೊದಲೇ ತುಂಬುತ್ತವೆ.

ಬೇಸಿಗೆ ಬಿಟ್ಟು ಬೇರೆ ಕಾಲದಲ್ಲಿ ಹೋಗುವವರಿಗೆ ಹಬ್ಬಗಳಿಲ್ಲವೇ?

ಬೇಕಾದಷ್ಟಿವೆ. ಮಾರ್ಚ್ 1ರಿಂದ 14ರವರೆಗೆ ನಾರಾದ ತೋದೈಜಿ ದೇವಾಲಯದ ನಿಗತ್ಸುದೊ ಮಂಟಪದಲ್ಲಿ ನಡೆಯುವ ಶುನಿಎ ವ್ರತ 752ರಿಂದ ಒಂದು ವರ್ಷವೂ ತಪ್ಪದೆ ನಡೆದು ಬಂದಿದೆ. ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು ಅಲ್ಲಿನ ಮಹಾಬುದ್ಧನ ಮೂರ್ತಿಗೆ ಕಣ್ಣು ಬರೆದದ್ದು ಅದೇ ವರ್ಷ. ಪ್ರತಿ ಸಂಜೆ ಉದ್ದನೆಯ ಬಿದಿರಿನ ತುದಿಗೆ ಕಟ್ಟಿದ ಪಂಜುಗಳನ್ನು ಮಂಟಪದ ಎತ್ತರದ ಜಗಲಿಯಲ್ಲಿ ಹೊತ್ತು ಓಡುತ್ತಾರೆ. ಕೆಳಗೆ ನಿಂತವರ ಮೇಲೆ ಕಿಡಿಗಳು ಮಳೆಯಾಗುತ್ತವೆ. 12ರಂದು ಪಂಜುಗಳು ದೊಡ್ಡವು, ಜನವೂ ವಿಪರೀತ. ಉಳಿದ ಯಾವುದಾದರೂ ಸಂಜೆ ಹೋದರೂ ಅನುಭವ ಕಡಿಮೆಯಾಗದು.

ಬೆಟ್ಟಗಳ ನಡುವಿನ ತಾಕಯಾಮ ಊರಿನ ಹಬ್ಬ ಏಪ್ರಿಲ್ 14-15ಕ್ಕೂ ಅಕ್ಟೋಬರ್ 9-10ಕ್ಕೂ ಬರುತ್ತದೆ. ದಾರದಿಂದ ಆಡಿಸುವ ಯಂತ್ರಗೊಂಬೆಗಳು ಅದರ ವಿಶೇಷ. ಡಿಸೆಂಬರ್ 3ರ ಚಿಚಿಬು ರಾತ್ರಿ ಹಬ್ಬಕ್ಕೆ ಟೋಕಿಯೊದ ಇಕೆಬುಕುರೊದಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ತಲುಪಬಹುದು. ಮಕ್ಕಳಿದ್ದರೆ ಫೆಬ್ರವರಿ ಮಧ್ಯದ ಯೊಕೊತೆ ಊರಿನ ಕಮಾಕುರ ನೋಡಿ: ಹಿಮದ ಗುಡಿಸಲೊಳಗೆ ಜಲದೇವತೆಗೆ ಪುಟ್ಟ ಗೂಡು, ಅದರ ಮುಂದೆ ಕುಳಿತ ಮಕ್ಕಳು ದಾರಿಹೋಕರನ್ನು ಒಳಗೆ ಕರೆದು ಅಕ್ಕಿಯ ಬಿಸಿ ಪಾನೀಯ ಅಮಾಜಾಕೆ ಕೊಡುತ್ತಾರೆ.

ಫೋಟೊ ತೆಗೆಯುವಾಗ, ದೇಗುಲದಲ್ಲಿ ನಡೆದುಕೊಳ್ಳುವಾಗ ಗಮನಿಸಬೇಕಾದ ಮರ್ಯಾದೆಗಳೇನು?

ಮಿಕೋಶಿಯನ್ನು ಮಹಡಿಯಿಂದಲೋ ಮೇಲ್ಸೇತುವೆಯಿಂದಲೋ ಕೆಳಗೆ ಬಗ್ಗಿ ನೋಡುವುದು ದೈವಕ್ಕೆ ಅಗೌರವವೆಂದು ಭಾವಿಸುತ್ತಾರೆ. ಚಿತ್ರ ಚೆನ್ನಾಗಿ ಬರುತ್ತದೆಂದು ಹಾಗೆ ಮಾಡಬೇಡಿ. ಕರೆಯದೆ ಪಲ್ಲಕ್ಕಿಗೆ ಕೈ ಹಾಕಬಾರದು. ಡ್ರೋನ್ ಹಾರಿಸುವಂತಿಲ್ಲ, ಗುಂಪಿನಲ್ಲಿ ಟ್ರೈಪಾಡ್ ನಿಲ್ಲಿಸುವುದು ಸಲ್ಲದು. ಕಸದ ತೊಟ್ಟಿಗಳು ವಿರಳ. ನಿಮ್ಮ ಕಸ ನಿಮ್ಮ ಚೀಲದಲ್ಲೇ ಇರಲಿ. ಗಿಯೋನ್‌ನಲ್ಲಿ ಮಾರುವ ಚಿಮಾಕಿ ಎಂಬ ಬಿದಿರೆಲೆಯ ಕಟ್ಟು ತಿನಿಸಲ್ಲ, ಕೇಡು ಬಾರದಂತೆ ವರ್ಷಪೂರ್ತಿ ಬಾಗಿಲ ಮೇಲೆ ತೂಗುಹಾಕುವ ರಕ್ಷೆ. ಅದನ್ನು ಕೊಂಡರೆ ಆ ಬೀದಿಯ ರಥದ ಖರ್ಚಿಗೆ ನೆರವಾದಂತೆಯೂ ಆಗುತ್ತದೆ.

ಹೆಂಗಸರಿಗೆ ನಿರ್ಬಂಧಗಳಿವೆಯೇ?

ನೋಡಲು ಇಲ್ಲ; ಪಾಲ್ಗೊಳ್ಳುವಲ್ಲಿ ಕೆಲವೆಡೆ ಇವೆ. ಗಿಯೋನ್‌ನಲ್ಲಿ ಎಲ್ಲಕ್ಕಿಂತ ಮುಂದೆ ಸಾಗುವ ನಗಿನತಬೊಕೊ ರಥವನ್ನು ಹತ್ತಲು ಹೆಂಗಸರಿಗೆ ಬಿಡುವುದಿಲ್ಲ, ಬೇರೆ ಹಲವು ರಥಗಳಿಗೆ ಬಿಡುತ್ತಾರೆ. ಫುಕುಓಕದ ಹಕಾತ ಗಿಯೋನ್ ಯಮಾಕಸದಲ್ಲಿ ಜುಲೈ 15ರ ಮುಂಜಾನೆ 4 ಗಂಟೆ 59 ನಿಮಿಷಕ್ಕೆ ಹೊರಡುವ ಸುಮಾರು ಒಂದು ಟನ್ ತೂಕದ ಅಲಂಕೃತ ಹೊರೆಯನ್ನು ಹೊತ್ತು ಓಡುವವರು ಗಂಡಸರು. ಆದರೆ ಸಾಂಜದಂಥ ಹಬ್ಬಗಳಲ್ಲಿ ಹೆಂಗಸರು ಮಿಕೋಶಿ ಹೊರುವುದು ಈಗ ಸಾಮಾನ್ಯ ದೃಶ್ಯ. ಗಂಡಸರು ಲಂಗೋಟಿಯಷ್ಟೇ ತೊಟ್ಟು ಸೇರುವ, ಐಚಿ ಪ್ರಾಂತ್ಯದ ಕೊನೊಮಿಯದ ‘ಬೆತ್ತಲೆ ಹಬ್ಬ’ದಲ್ಲಿ 2024ರಲ್ಲಿ ಮೊದಲ ಬಾರಿಗೆ ಹೆಂಗಸರ ತಂಡಗಳು ಬಿದಿರನ್ನು ಅರ್ಪಿಸಿದವು. ಊರಿನಲ್ಲಿ ಗಂಡಾಳುಗಳ ಸಂಖ್ಯೆ ಕುಗ್ಗುತ್ತಿರುವುದೂ ಇಂಥ ಬದಲಾವಣೆಗೆ ಒಂದು ಕಾರಣ.

ಹಳೆಯ ಹಬ್ಬಗಳು ನಿಂತುಹೋಗುತ್ತಿವೆ ಎಂಬುದು ನಿಜವೇ? ಪ್ರವಾಸಿಗರು ಹೋದರೆ ನೆರವಾಗುತ್ತದೆಯೇ?

ನಿಜ, ಮತ್ತು ಇದು ಮನಸ್ಸಿಗೆ ನೋವುಂಟುಮಾಡುವ ಸಂಗತಿ. ಇವಾತೆ ಪ್ರಾಂತ್ಯದ ಕೊಕುಸೆಕಿಜಿ ದೇವಾಲಯದಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆದುಬಂದಿತೆನ್ನುವ ಸೊಮಿನ್‌ಸಾಯಿ ಎಂಬ ಹಬ್ಬ 2024ರ ಫೆಬ್ರವರಿ 17ರಂದು ಕೊನೆಯ ಬಾರಿಗೆ ನಡೆಯಿತು. ಜನಕ್ಕೆ ಆಸಕ್ತಿ ಕುಂದಿತೆಂದಲ್ಲ. ತಿಂಗಳುಗಟ್ಟಲೆ ಸಿದ್ಧತೆ ಮಾಡುವ ಕುಟುಂಬಗಳಲ್ಲಿ ವಯಸ್ಸಾದವರೇ ಉಳಿದರು. ಹಬ್ಬದ ರಾತ್ರಿ ಬಂದು ಹೋಗುವ ಸಾವಿರಾರು ಜನ ಆ ಸಿದ್ಧತೆಯ ಕೊರತೆಯನ್ನು ತುಂಬಲಾರರು. ಆದರೂ ಊರಿನಲ್ಲೇ ತಂಗಿ, ಅಲ್ಲಿನ ಅಂಗಡಿಯಲ್ಲೇ ಉಂಡು, ದೇಗುಲದ ಕಾಣಿಕೆ ಪೆಟ್ಟಿಗೆಗೆ ಒಂದಿಷ್ಟು ಹಾಕಿ, ಆಸನಕ್ಕೆ ಶುಲ್ಕವಿದ್ದರೆ ಕೊಟ್ಟು ನೋಡುವ ಪ್ರವಾಸಿಗರಿಂದ ಊರಿಗೆ ಒಂದಿಷ್ಟು ಆಸರೆ ಸಿಗುತ್ತದೆ.

ವೀಸಾ, ರೈಲು, ಕೋಣೆಗಳನ್ನು ಎಷ್ಟು ಮೊದಲೇ ಗೊತ್ತುಮಾಡಬೇಕು?

ಭಾರತೀಯರಿಗೆ ವೀಸಾ ಬೇಕು. 2024ರ ಏಪ್ರಿಲ್‌ನಿಂದ ಪ್ರವಾಸಿಗರಿಗೆ ಇ-ವೀಸಾ ಸೌಲಭ್ಯವಿದೆ. ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನವಿದೆ. ಕೋಣೆಯನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ, ಏಕೆಂದರೆ ಅವೊಮೊರಿ, ತೊಕುಶಿಮದಂಥ ಮಧ್ಯಮ ಊರುಗಳಲ್ಲಿ ಹಬ್ಬದ ರಾತ್ರಿ ಉಳಿಯಲು ಸ್ಥಳ ಸಿಗುವುದೇ ಕಷ್ಟ. ಅವೊಮೊರಿಯಲ್ಲಿ ಸಿಗದಿದ್ದರೆ ಹಿರೊಸಾಕಿ ಅಥವಾ ಹಾಚಿನೊಹೆಯಲ್ಲಿ ತಂಗಿ ರೈಲಿನಲ್ಲಿ ಓಡಾಡಬಹುದು. ಶಿಂಕಾನ್ಸೆನ್ ಆಸನಗಳ ಮಾರಾಟ ಪ್ರಯಾಣಕ್ಕೆ ಒಂದು ತಿಂಗಳ ಮೊದಲು ಆರಂಭವಾಗುತ್ತದೆ. ಓಬೋನ್ ವಾರದಲ್ಲಿ ಇಡೀ ದೇಶವೇ ತವರೂರಿಗೆ ಹೊರಡುವುದರಿಂದ ಆ ದಿನವೇ ಕಾಯ್ದಿರಿಸಿ. ದೇಶವ್ಯಾಪಿ ರೈಲು ಪಾಸಿನ ದರ 2023ರ ಅಕ್ಟೋಬರಿನಲ್ಲಿ ಬಹಳ ಏರಿತು, ಏಳು ದಿನದ್ದು 29,650 ಯೆನ್‌ನಿಂದ 50,000 ಯೆನ್‌ಗೆ. ಒಂದೇ ಊರಿನಲ್ಲಿ ನಿಲ್ಲುವವರಿಗೆ ಅದರಿಂದ ಲಾಭವಿಲ್ಲ.

ಮಳೆ ಬಂದರೆ ಹಬ್ಬ ನಡೆಯುತ್ತದೆಯೇ?

ಒಂದೊಂದು ಹಬ್ಬದ್ದು ಒಂದೊಂದು ನಿಯಮ. ಗಿಯೋನ್ ರಥಗಳು ಪ್ಲಾಸ್ಟಿಕ್ ಹೊದ್ದು ಮಳೆಯಲ್ಲೂ ಸಾಗುತ್ತವೆ. ತಾಕಯಾಮ ಊರಿನ ರಥಗಳ ಅರಗಿನ ಕೆಲಸಕ್ಕೆ ನೀರು ತಾಗಬಾರದೆಂದು ಮಳೆಯಾದರೆ ಅವು ಕೊಟ್ಟಿಗೆ ಬಿಟ್ಟು ಹೊರಡುವುದೇ ಇಲ್ಲ. ಕಾಂತೊ ಕಂಬಗಳಿಗೂ ಗಾಳಿಮಳೆ ಆಗದು. ಎರಡು ಮೂರು ರಾತ್ರಿ ಇರಿಸಿಕೊಂಡು ಹೋಗಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಈಗಿನಿಂದಲೇ ಸಿದ್ಧತೆ ಮಾಡಬೇಕಾದ ಅಪರೂಪದ ಹಬ್ಬ ಯಾವುದಾದರೂ ಇದೆಯೇ?

ನಾಗಾನೊ ಪ್ರಾಂತ್ಯದ ಸುವ ಮಹಾದೇಗುಲದ ಓನ್‌ಬಾಶಿರ. ಹುಲಿ ಮತ್ತು ಕೋತಿಯ ವರ್ಷಗಳಲ್ಲಿ, ಎಂದರೆ ಆರು ವರ್ಷಕ್ಕೊಮ್ಮೆ, ಬೆಟ್ಟದಿಂದ 16 ಫರ್ ಮರಗಳನ್ನು ಕಡಿದು ತಂದು ಸುವ ದೇಗುಲದ ನಾಲ್ಕು ಗುಡಿಗಳ ನಾಲ್ಕು ಮೂಲೆಗಳಲ್ಲಿ ನೆಡುತ್ತಾರೆ. ದೊಡ್ಡ ಕಾಂಡಗಳು ಹತ್ತು ಟನ್ ತೂಗುತ್ತವೆ. ಏಪ್ರಿಲ್‌ನಲ್ಲಿ ಅವನ್ನು ಕಡಿದಾದ ಇಳಿಜಾರಿನಲ್ಲಿ ಜಾರಿಸುವಾಗ ಯುವಕರು ಕಾಂಡದ ಮೇಲೆ ಕುಳಿತೇ ಕೆಳಗಿಳಿಯುತ್ತಾರೆ. ಸಾವು ಸಂಭವಿಸಿದ ವರ್ಷಗಳೂ ಇವೆ, ಆದ್ದರಿಂದ ಗುರುತುಮಾಡಿದ ಜಾಗದಿಂದಲೇ ನೋಡಬೇಕು. ಮೇ ತಿಂಗಳಲ್ಲಿ ಊರೊಳಗೆ ಎಳೆದು ತಂದು ನಿಲ್ಲಿಸುವ ಹಂತವು ಗುರುತುಮಾಡಿದ ಜಾಗದಿಂದ ನೋಡುವವರಿಗೆ ಅಷ್ಟು ಅಪಾಯದ್ದಲ್ಲ, ಮಕ್ಕಳೊಡನೆ ಹೋಗುವವರು ಆ ದಿನಗಳನ್ನೇ ಆರಿಸಿಕೊಳ್ಳುವುದು ಸರಿ. 2022ರಲ್ಲಿ ಕೋವಿಡ್ ಕಾರಣದಿಂದ ಬೆಟ್ಟದ ಹಂತದಲ್ಲಿ ಮರಗಳನ್ನು ಟ್ರೇಲರಿನಲ್ಲಿ ಸಾಗಿಸಬೇಕಾಯಿತು. ಮುಂದಿನದು 2028ರಲ್ಲಿ, ಹನ್ನೆರಡು ವರ್ಷಗಳ ಬಳಿಕ ಆ ಊರುಗಳ ಜನ ಮರಗಳನ್ನು ಮತ್ತೆ ತಮ್ಮ ಕೈಯಿಂದಲೇ ಬೆಟ್ಟದಿಂದ ಇಳಿಸಲು ಎದುರುನೋಡುತ್ತಿದ್ದಾರೆ.